ಕೊರೊನಾ ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಜಾಗಗಳು

(ಕರೋಲ್ ಬಾಗ್‌ನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ಕಾರ್ಯಕ್ರಮದಲ್ಲಿ ನನ್ನ ಭಾಷಣ ಭಾವಗೀತೆಗೂ ಊಟಕ್ಕೂ ನಡುವೆ ಬಂದಿದೆ. ವಿಷಯ ಅಂಕಿಅಂಶ. ಅಡುಗೆಮನೆಯಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿರುವಾಗ ಅಂಕಿಅಂಶದ ಬಗ್ಗೆ ಮಾತಾಡುವುದು ಧೈರ್ಯದ ಕೆಲಸವೇ. ಆದರೂ ಈ ವಿಷಯವನ್ನೇ ಆರಿಸಿಕೊಂಡೆ. ಕೊರೊನಾ ಕಾಲದಲ್ಲಿ ನಾವೆಲ್ಲ ದಿನವೂ ನಕ್ಷೆ, ಗ್ರಾಫ್, ಬಣ್ಣ ಬಳಿದ ಭೂಪಟ ನೋಡಿದೆವು. ಕೆಂಪು ಕಂಡರೆ ಹೆದರಿದೆವು, ಹಸಿರು ಕಂಡರೆ ನಿಟ್ಟುಸಿರು ಬಿಟ್ಟೆವು. ಆ ಚಿತ್ರಗಳು ನಿಜವಾಗಿ ಏನು ಹೇಳುತ್ತಿದ್ದವು, ಏನನ್ನು ಹೇಳದೆ ಬಿಟ್ಟವು ಎಂಬುದನ್ನು ಈಗ ಸಮಾಧಾನವಾಗಿ ಕೂತು ನೋಡಬಹುದು. ಮುಂದೆ ಇಂಥದ್ದೇ ಇನ್ನೊಂದು ಕಾಯಿಲೆ ಬಂದರೆ ಈ ತಿಳಿವಳಿಕೆ ನಮಗೆ ಬೇಕಾಗುತ್ತದೆ.

ನಾನು ಸಂಖ್ಯಾಶಾಸ್ತ್ರ ಓದಿದವಳು. ಮೂವತ್ತು ವರ್ಷ ಇದೇ ಊರಿನಲ್ಲಿ ಲೆಕ್ಕ, ಸಮೀಕ್ಷೆ, ಕೋಷ್ಟಕಗಳ ಕೆಲಸ ಮಾಡಿ ನಿವೃತ್ತಳಾದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಮನೆಯಲ್ಲಿ ಕೂತು ಹಳೆಯ ಚಟವನ್ನೇ ಮುಂದುವರಿಸಿದೆ. ದಿನವೂ ಸಂಜೆ ರಾಜ್ಯಗಳ ಆರೋಗ್ಯ ಇಲಾಖೆಯ ಬುಲೆಟಿನ್ ನೋಡಿ ದೆಹಲಿ, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳ ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗೆರೆ ಎಳೆಯುತ್ತಿದ್ದೆ. ಅದನ್ನು ನಮ್ಮ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದೆ. “ಇವತ್ತಿನ ಗೆರೆ ಎಲ್ಲಿ?” ಎಂದು ಕೇಳುತ್ತಿದ್ದವರು ಈ ಸಭೆಯಲ್ಲೂ ಇದ್ದೀರಿ.

ಗ್ರಾಫ್ ಎಂದರೆ ಗಾಬರಿಯಾಗಬೇಕಿಲ್ಲ. ನಾವೆಲ್ಲ ಚುಕ್ಕಿ ರಂಗೋಲಿ ಹಾಕಿದವರು. ಮೊದಲು ಚುಕ್ಕಿ ಇಡುತ್ತೇವೆ, ಆಮೇಲೆ ಎಳೆ ಎಳೆಯುತ್ತೇವೆ. ಎಣಿಕೆ ಎಂದರೆ ಚುಕ್ಕಿ, ಗ್ರಾಫ್ ಎಂದರೆ ಎಳೆ. ಒಂದು ಚುಕ್ಕಿ ಬಿಟ್ಟುಹೋದರೆ ಎಳೆ ಎಷ್ಟೇ ನಾಜೂಕಾಗಿದ್ದರೂ ರಂಗೋಲಿ ಸೊಟ್ಟಗಾಗುತ್ತದೆ. ನನ್ನ ಇವತ್ತಿನ ಮಾತೆಲ್ಲ ಈ ಚುಕ್ಕಿಗಳ ಬಗ್ಗೆ: ಅವನ್ನು ಎಲ್ಲಿ ಇಟ್ಟರು, ಯಾರು ಇಟ್ಟರು, ಎಲ್ಲಿ ಇಡಲೇ ಇಲ್ಲ.

ನಮ್ಮ ದೇಶದ ಮೊದಲ ಚುಕ್ಕಿ 2020ರ ಜನವರಿ 30ರದು. ವುಹಾನ್‌ನಿಂದ ಕೇರಳದ ತ್ರಿಶ್ಶೂರಿಗೆ ಮರಳಿದ್ದ ವಿದ್ಯಾರ್ಥಿನಿಗೆ ಸೋಂಕು ಕಂಡಿತು. ದೆಹಲಿಯ ಮೊದಲ ಪ್ರಕರಣ ಮಾರ್ಚ್ 2ರಂದು. ದೇಶದಲ್ಲಿ ದಾಖಲಾದ ಮೊದಲ ಸಾವು ನಮ್ಮ ಕಲಬುರಗಿಯದು. ಆ ಹಿರಿಯರು ತೀರಿಕೊಂಡದ್ದು ಮಾರ್ಚ್ 10ರ ರಾತ್ರಿ, ಅದು ಕೊರೊನಾ ಸಾವು ಎಂದು ಪ್ರಕಟವಾದದ್ದು ಮಾರ್ಚ್ 12ಕ್ಕೆ. ಅಂದರೆ ಮೊದಲ ಸಾವಿನ ಚುಕ್ಕಿಗೇ ಎರಡು ತಾರೀಖು ಬಂದವು. ಯಾವ ತಾರೀಖಿನ ಮೇಲೆ ಚುಕ್ಕಿ ಇಡಬೇಕು? ಈ ಪ್ರಶ್ನೆ ಮುಂದಿನ ಎರಡು ವರ್ಷವೂ ನಮ್ಮ ಬೆನ್ನು ಬಿಡಲಿಲ್ಲ.

ಒಂದು ಹೆಮ್ಮೆಯ ಮಾತು ಹೇಳಿಬಿಡುತ್ತೇನೆ. ಆರಂಭದ ತಿಂಗಳುಗಳಲ್ಲಿ ಕರ್ನಾಟಕದ ಬುಲೆಟಿನ್ ಓದುವುದೇ ಒಂದು ಪಾಠವಾಗಿತ್ತು. ಪ್ರತಿ ರೋಗಿಗೂ ಒಂದು ಸಂಖ್ಯೆ, ವಯಸ್ಸು, ಹೆಣ್ಣೋ ಗಂಡೋ, ಯಾವ ಜಿಲ್ಲೆ, ಯಾರಿಂದ ಬಂತು ಎಂಬ ವಿವರ ಅದರಲ್ಲಿರುತ್ತಿತ್ತು. ನಂಜನಗೂಡಿನ ಔಷಧ ಕಾರ್ಖಾನೆಯ ಒಬ್ಬ ನೌಕರರಿಂದ ಎಷ್ಟು ಮಂದಿಗೆ ಹರಡಿತು ಎಂಬುದನ್ನು ಆ ಪಟ್ಟಿ ಹಿಡಿದು ಮನೆಯಲ್ಲಿ ಕೂತವರೂ ಬಿಡಿಸಬಹುದಿತ್ತು. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಗಣಿತಜ್ಞ ಶಿವ ಆತ್ರೇಯ ಮತ್ತು ಅವರ ಜೊತೆಯವರು ಇದನ್ನೇ ಆಧಾರವಾಗಿಟ್ಟು, ಒಬ್ಬ ಸೋಂಕಿತರಿಂದ ಸರಾಸರಿ ಎಷ್ಟು ಜನರಿಗೆ ಹರಡುತ್ತಿದೆ ಎಂದು ಲೆಕ್ಕ ಹಾಕಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ನಮ್ಮ ರಾಜ್ಯಗಳ ಕೊರೊನಾ ಮಾಹಿತಿಗೆ ಅಂಕ ಕೊಟ್ಟರು. ಒಂದಕ್ಕೆ 0.61 ಪಡೆದು ಕರ್ನಾಟಕ ಮೊದಲ ಸ್ಥಾನದಲ್ಲಿತ್ತು. ಬಿಹಾರ ಮತ್ತು ಉತ್ತರ ಪ್ರದೇಶ ಸೊನ್ನೆಯ ಹತ್ತಿರ ಕೊನೆಯಲ್ಲಿದ್ದವು. ಮೊದಲ ಸ್ಥಾನಕ್ಕೂ ನೂರಕ್ಕೆ 61 ಮಾತ್ರ ಎಂಬುದನ್ನೂ ಮರೆಯಬಾರದು.

ಸರ್ಕಾರಗಳ ಪಟ್ಟಿಗಳು ಬೇರೆ ಬೇರೆ ರೂಪದಲ್ಲಿ ಬರುತ್ತಿದ್ದವು. ಒಂದು ರಾಜ್ಯದ್ದು ಪಿಡಿಎಫ್, ಇನ್ನೊಂದರದ್ದು ಟ್ವಿಟರ್ ಚಿತ್ರ, ಮತ್ತೊಂದರದ್ದು ಪತ್ರಿಕಾಗೋಷ್ಠಿಯ ಮಾತು. ಅವನ್ನೆಲ್ಲ ಕೂಡಿಸಿ ಜಿಲ್ಲೆ ಜಿಲ್ಲೆಯ ಭೂಪಟ ಮಾಡಿ ಕೊಟ್ಟವರು ‘ಕೋವಿಡ್19ಇಂಡಿಯಾ’ ಎಂಬ ತಾಣದ ಸ್ವಯಂಸೇವಕರು. ಸಂಬಳವಿಲ್ಲದೆ ಸುಮಾರು ಒಂದೂವರೆ ವರ್ಷ ದುಡಿದು 2021ರ ಅಕ್ಟೋಬರ್ 31ಕ್ಕೆ ಕೆಲಸ ನಿಲ್ಲಿಸಿದರು. ನಾವು ನೋಡಿದ ಎಷ್ಟೋ ನಕ್ಷೆಗಳ ಹಿಂದೆ ಇದ್ದದ್ದು ಅವರ ಶ್ರಮ.

ಈಗ ಗ್ರಾಫಿಗೆ ಬರೋಣ. ಇಡೀ ಭಾರತದ್ದು ಒಂದೇ ಗೆರೆ ಎಳೆದರೆ ಮೊದಲ ಎರಡು ವರ್ಷದಲ್ಲಿ ಎರಡು ಗುಡ್ಡ ಕಾಣುತ್ತವೆ. ಮೊದಲನೆಯದು 2020ರ ಸೆಪ್ಟೆಂಬರ್ ಮಧ್ಯದಲ್ಲಿ, ದಿನಕ್ಕೆ 97 ಸಾವಿರ ದಾಟಿದ ಹೊಸ ಪ್ರಕರಣಗಳೊಂದಿಗೆ. ಎರಡನೆಯದು 2021ರ ಮೇ ಮೊದಲ ವಾರದಲ್ಲಿ, ಒಂದೇ ದಿನ 4 ಲಕ್ಷ 14 ಸಾವಿರ. ಆದರೆ ದೆಹಲಿಯಲ್ಲಿದ್ದ ನಮಗೆ ಎರಡೇ ಗುಡ್ಡ ಎಂದರೆ ನಂಬಿಕೆಯಾಗುತ್ತದೆಯೇ? ದೆಹಲಿಯ ಗೆರೆಯನ್ನು ಬೇರೆಯಾಗಿ ಎಳೆದು ನೋಡಿ. 2020ರ ಜೂನ್ 23ರಂದು 3,947 ಪ್ರಕರಣ, ಒಂದು ಗುಡ್ಡ. ಸೆಪ್ಟೆಂಬರ್ 16ರಂದು 4,473, ಎರಡನೆಯದು. ನವೆಂಬರ್ 11ರಂದು 8,593, ಮೂರನೆಯದು. 2021ರ ಏಪ್ರಿಲ್ 20ರಂದು 28,395, ನಾಲ್ಕನೆಯದು. 2020ರ ದೀಪಾವಳಿಯ ಹೊತ್ತಿಗೆ ದೇಶದ ಗೆರೆ ಇಳಿಯುತ್ತಿತ್ತು, ಟಿವಿಯಲ್ಲಿ ಸಮಾಧಾನದ ಮಾತು ಬರುತ್ತಿತ್ತು. ಅದೇ ವಾರ ನಮ್ಮ ಊರು ಅಲ್ಲಿಯವರೆಗಿನ ತನ್ನ ಅತಿ ಎತ್ತರದ ಗುಡ್ಡ ಹತ್ತುತ್ತಿತ್ತು. ದೇಶದ ಸರಾಸರಿ ಸುಳ್ಳು ಹೇಳಲಿಲ್ಲ, ನಮ್ಮ ಊರಿನ ಸುದ್ದಿ ಅದರೊಳಗೆ ಮುಳುಗಿಹೋಗಿತ್ತು, ಅಷ್ಟೆ.

ಪ್ರದೇಶವಾರು ಗೆರೆ ಎಳೆಯುವುದರ ನಿಜವಾದ ಲಾಭ ಕಂಡದ್ದು ಎರಡನೆಯ ಅಲೆಯಲ್ಲಿ. ರಾಜ್ಯಗಳ ಶಿಖರಗಳ ತಾರೀಖು ಕೇಳಿ: ಮಹಾರಾಷ್ಟ್ರ ಏಪ್ರಿಲ್ 18, ದೆಹಲಿ ಏಪ್ರಿಲ್ 20, ಕರ್ನಾಟಕ ಮೇ 5, ಕೇರಳ ಮೇ 12, ತಮಿಳುನಾಡು ಮೇ 21. ಟಿವಿಯಲ್ಲಿ ತೋರಿಸಿದ ಒಂದು ದೊಡ್ಡ ಅಲೆ ಎಂದರೆ, ಒಂದರ ಹಿಂದೆ ಒಂದು ಎದ್ದ ಹಲವು ಅಲೆಗಳ ಮೊತ್ತ. ದೆಹಲಿಯ ಶಿಖರಕ್ಕೂ ಕರ್ನಾಟಕದ ಶಿಖರಕ್ಕೂ ಸರಿಯಾಗಿ ಹದಿನೈದು ದಿನದ ಅಂತರ.

ಆ ಹದಿನೈದು ದಿನ ಎಂದರೆ ಏನೆಂದು ಈ ಸಭಾಂಗಣದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ 19ರ ರಾತ್ರಿ ದೆಹಲಿಯಲ್ಲಿ ಲಾಕ್‌ಡೌನ್ ಬಂತು. ಪರೀಕ್ಷೆ ಮಾಡಿಸಿದ ಪ್ರತಿ ನೂರು ಮಂದಿಯಲ್ಲಿ 36 ಮಂದಿಗೆ ಸೋಂಕು ಕಾಣುತ್ತಿತ್ತು. ಅಜ್ಮಲ್ ಖಾನ್ ರಸ್ತೆ ಖಾಲಿಯಾಗಿತ್ತು, ಆಂಬುಲೆನ್ಸಿನ ಸದ್ದೊಂದೇ ಕೇಳುತ್ತಿತ್ತು. ನಾವು ಆಕ್ಸಿಜನ್ ಸಿಲಿಂಡರಿಗಾಗಿ ಫೋನ್ ನಂಬರುಗಳನ್ನು ಹಂಚಿಕೊಳ್ಳುತ್ತಿದ್ದ ಅದೇ ಹೊತ್ತಿನಲ್ಲಿ ಬೆಂಗಳೂರಿನಿಂದ, ಮೈಸೂರಿನಿಂದ ಮದುವೆಯ ಕರೆಯೋಲೆಗಳು ವಾಟ್ಸಾಪಿನಲ್ಲಿ ಬರುತ್ತಿದ್ದವು. ನಾನು ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು, ಕರ್ನಾಟಕದ ಗೆರೆ ದೆಹಲಿಯ ದಾರಿಯಲ್ಲೇ ಹತ್ತುತ್ತಿದೆ ಎಂದು ತವರಿಗೆ ಕಳಿಸಿದೆ. ನಿಮ್ಮಲ್ಲಿ ಎಷ್ಟೋ ಜನ ಗೆರೆ ಎಳೆಯದೆಯೇ ಅದೇ ಮಾತನ್ನು ಅಮ್ಮನಿಗೆ, ಅಕ್ಕನಿಗೆ ಫೋನಿನಲ್ಲಿ ಹೇಳಿದಿರಿ. ಮದುವೆ ಮುಂದಕ್ಕೆ ಹಾಕಿಸಿದವರಿದ್ದೀರಿ, ಅಪ್ಪನಿಗೆ ಆಕ್ಸಿಮೀಟರ್ ತರಿಸಿ ಇಟ್ಟುಕೊಳ್ಳುವಂತೆ ಹಟ ಮಾಡಿದವರಿದ್ದೀರಿ. ಒಂದು ಪ್ರದೇಶದ ನೋವು ಇನ್ನೊಂದು ಪ್ರದೇಶಕ್ಕೆ ಎಚ್ಚರಿಕೆಯಾಗುವುದು ಹೀಗೆ.

ಮನೆಗಳಿಗೆ ತಲುಪಿದ ಎಚ್ಚರಿಕೆ ವ್ಯವಸ್ಥೆಗೆ ಎಲ್ಲೆಡೆ ತಲುಪಲಿಲ್ಲ. ನನ್ನ ತವರು ಕೊಳ್ಳೇಗಾಲದ ಕಡೆ, ಚಾಮರಾಜನಗರ ಜಿಲ್ಲೆ. 2020ರ ಜೂನ್ ತಿಂಗಳವರೆಗೆ ಕರ್ನಾಟಕದ ಭೂಪಟದಲ್ಲಿ ಒಂದೂ ಪ್ರಕರಣವಿಲ್ಲದೆ ಹಸಿರಾಗಿ ಉಳಿದಿದ್ದ ಜಿಲ್ಲೆ ಅದು. ನಮ್ಮ ಊರಿನವರು ಮಲೆಮಹದೇಶ್ವರನ ಕೃಪೆ ಎನ್ನುತ್ತಿದ್ದರು. ಅದೇ ಜಿಲ್ಲೆಯ ಆಸ್ಪತ್ರೆಯಲ್ಲಿ 2021ರ ಮೇ 2ರ ರಾತ್ರಿ ಆಕ್ಸಿಜನ್ ಮುಗಿಯಿತು. ಮಾರನೆಯ ದಿನದ ಹೊತ್ತಿಗೆ 24 ಮಂದಿ ತೀರಿಹೋಗಿದ್ದರು. ಮೂರು ದಿನದ ನಂತರ, ಮೇ 5ರಂದು, ರಾಜ್ಯದಲ್ಲಿ 50,112 ಪ್ರಕರಣಗಳು ದಾಖಲಾದವು. ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರದ್ದೇ. ಎಲ್ಲರ ಕಣ್ಣು ಬೆಂಗಳೂರಿನ ಕಡುಗೆಂಪಿನ ಮೇಲೆ ಇತ್ತು. ಒಂದು ವರ್ಷದ ಹಿಂದಿನ ಹಸಿರು, ಆ ಜಿಲ್ಲೆಗೆ ಎಷ್ಟು ಹಾಸಿಗೆ ಇದೆ, ಆಕ್ಸಿಜನ್ ಎಲ್ಲಿಂದ ಬರಬೇಕು ಎಂಬುದನ್ನು ಹೇಳುವುದಿಲ್ಲ. ಬಣ್ಣದ ಪಕ್ಕದಲ್ಲಿ ಆ ಲೆಕ್ಕವೂ ಇರಬೇಕಿತ್ತು.

ಇನ್ನು ಕೇರಳದ ಒಗಟು. 2021ರ ಆಗಸ್ಟ್ ನೆನಪಿದೆಯೇ? ಓಣಂ ಮುಗಿದ ಮೇಲೆ, ಆಗಸ್ಟ್ 25ರಂದು ಕೇರಳ ಒಂದರಲ್ಲೇ 31,445 ಪ್ರಕರಣ. ಇಡೀ ದೇಶದ ಲೆಕ್ಕ 46 ಸಾವಿರದಷ್ಟು. ಭೂಪಟದಲ್ಲಿ ಕೇರಳ ಮಾತ್ರ ಉರಿಯುತ್ತಿತ್ತು. ಕೇರಳ ಸೋತಿತು ಎಂದು ಚರ್ಚೆಗಳಾದವು. ಆದರೆ ಅದಕ್ಕೆ ಸ್ವಲ್ಪ ಮೊದಲು, ಜೂನ್ ಮತ್ತು ಜುಲೈನಲ್ಲಿ, ಐಸಿಎಂಆರ್ 21 ರಾಜ್ಯಗಳ 70 ಜಿಲ್ಲೆಗಳಲ್ಲಿ ಜನರ ರಕ್ತ ಪರೀಕ್ಷಿಸಿ ಎಷ್ಟು ಮಂದಿಯಲ್ಲಿ ಪ್ರತಿಕಾಯಗಳಿವೆ ಎಂದು ನೋಡಿತ್ತು. ದೇಶದ ಸರಾಸರಿ ಶೇಕಡ 67.6. ಮಧ್ಯಪ್ರದೇಶದಲ್ಲಿ 79, ಕರ್ನಾಟಕದಲ್ಲಿ 69.8. ಎಲ್ಲಕ್ಕಿಂತ ಕಡಿಮೆ ಇದ್ದದ್ದು ಕೇರಳದಲ್ಲಿ, 44.4.

ಸಮೀಕ್ಷೆ ಹೇಗೆ ನಂಬುವುದು ಎಂದು ಕೇಳಬಹುದು. ಅನ್ನ ಬೆಂದಿದೆಯೇ ಎಂದು ನೋಡಲು ನಾವು ಪಾತ್ರೆಯಲ್ಲಿರುವ ಎಲ್ಲ ಅಗುಳನ್ನೂ ಹಿಸುಕುವುದಿಲ್ಲ. ನಾಲ್ಕು ಅಗುಳು ಸಾಕು. ಆದರೆ ಮೇಲಿನದ್ದನ್ನಷ್ಟೇ ತೆಗೆಯದೆ, ಸೌಟು ಹಾಕಿ ತಳದಿಂದಲೂ ಎತ್ತಿ ನೋಡುತ್ತೇವೆ. ರಕ್ತ ಸಮೀಕ್ಷೆಯೂ ಹಾಗೆಯೇ. ಊರು, ಹಳ್ಳಿ, ಗಂಡು, ಹೆಣ್ಣು, ಮಕ್ಕಳು ಎಲ್ಲರಲ್ಲೂ ಕೆಲವರನ್ನು ಆರಿಸುತ್ತಾರೆ. ಪರೀಕ್ಷೆಯಲ್ಲಿ ಸಿಕ್ಕವರನ್ನು ಮಾತ್ರ ಎಣಿಸುವ ದಿನದ ಬುಲೆಟಿನ್‌ಗಿಂತ ಈ ನಾಲ್ಕು ಅಗುಳು ಹೆಚ್ಚು ಸತ್ಯ ಹೇಳುತ್ತವೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಕೇರಳದಲ್ಲಿ ಸೋಂಕು ತಗಲದ ಜನ ಇನ್ನೂ ಬಹಳ ಇದ್ದರು, ಅವರಿಗೆ ತಡವಾಗಿ ತಗಲಿತು. ತಗಲಿದ್ದನ್ನು ಆ ರಾಜ್ಯ ಹುಡುಕಿ ಹುಡುಕಿ ಬರೆಯಿತು. ಬೇರೆ ಕಡೆ ಬಹುಪಾಲು ಸೋಂಕು ಬರೆಯದೆಯೇ ಬಂದು ಹೋಗಿತ್ತು. ಕರ್ನಾಟಕದ್ದೇ ಉದಾಹರಣೆ: 2020ರ ಸೆಪ್ಟೆಂಬರಿನ ರಾಜ್ಯ ಸಮೀಕ್ಷೆಯ ಪ್ರಕಾರ ಆಗಲೇ ನೂರರಲ್ಲಿ 27ರಷ್ಟು ಜನರಿಗೆ ಸೋಂಕು ತಗಲಿತ್ತು. ಅಂದರೆ ಸುಮಾರು 1 ಕೋಟಿ 90 ಲಕ್ಷ ಜನ. ಬುಲೆಟಿನ್ನಿನಲ್ಲಿ ಆಗ ಇದ್ದದ್ದು ಕೆಲವೇ ಲಕ್ಷ. ಮೊದಲ ಸ್ಥಾನದ ರಾಜ್ಯದಲ್ಲೇ ಹೀಗೆ. ಆದ್ದರಿಂದ ಭೂಪಟದ ಬಣ್ಣ ಎರಡು ಸಂಗತಿಗಳನ್ನು ಬೆರೆಸಿ ತೋರಿಸುತ್ತದೆ: ಅಲ್ಲಿ ರೋಗ ಎಷ್ಟಿದೆ, ಅಲ್ಲಿ ಎಷ್ಟು ಹುಡುಕಿದ್ದಾರೆ. ಬಿಳಿ ಜಾಗ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ರೋಗವಿಲ್ಲವೋ, ಎಣಿಸಿದವರಿಲ್ಲವೋ?

ಸಾವಿನ ಗ್ರಾಫಿನಲ್ಲಿ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ದೇಶದ ಸಾವಿನ ಗೆರೆಯಲ್ಲಿ ಅತಿ ಎತ್ತರದ ಕಂಬ 2021ರ ಜೂನ್ 10ರದು, 6,148. ಆದರೆ ಅಷ್ಟು ಜನ ಆ ದಿನ ಸತ್ತದ್ದಲ್ಲ. ಬಿಹಾರ ಹಿಂದೆ ಬಿಟ್ಟುಹೋಗಿದ್ದ 3,951 ಸಾವುಗಳನ್ನು ಒಟ್ಟಿಗೆ ಸೇರಿಸಿದ್ದರಿಂದ ಕಂಬ ಎದ್ದಿತು. ಅದು ಲೆಕ್ಕ ಸರಿಪಡಿಸಿದ ದಿನದ ಕಂಬ. ನಮ್ಮ ದೆಹಲಿಯಲ್ಲೂ 2020ರ ಜೂನ್ 11ರಂದು ದೊಡ್ಡ ವಾದ ನಡೆಯಿತು. ಸರ್ಕಾರದ ಬುಲೆಟಿನ್ ಪ್ರಕಾರ ಅಲ್ಲಿಯವರೆಗೆ 984 ಸಾವು. ಚಿತಾಗಾರ, ಸ್ಮಶಾನಗಳ ಲೆಕ್ಕ ಹಿಡಿದಿದ್ದ ಮೂರು ಮಹಾನಗರ ಪಾಲಿಕೆಗಳು 2,098 ಎಂದವು. ಒಂದೇ ಊರು, ಒಂದೇ ದಿನ, ಎರಡು ಲೆಕ್ಕ. ಒಂದು ಆಸ್ಪತ್ರೆಯ ಕಾಗದದಿಂದ ಬಂದದ್ದು, ಇನ್ನೊಂದು ನಿಗಮಬೋಧ್ ಘಾಟ್‌ನಂಥ ಜಾಗಗಳ ರಿಜಿಸ್ಟರಿನಿಂದ ಬಂದದ್ದು.

ಗಡಿಗಳ ಬಗ್ಗೆಯೂ ಎರಡು ಮಾತು. ನಾವು ಕೂತಿರುವ ಕರೋಲ್ ಬಾಗ್ ಆಗ ಸೆಂಟ್ರಲ್ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಿತ್ತು, ಪಕ್ಕದ ಪಟೇಲ್ ನಗರ ವೆಸ್ಟ್ ಜಿಲ್ಲೆಗೆ. ಇಬ್ಬರೂ ತರಕಾರಿ ಕೊಳ್ಳುವುದು ಒಂದೇ ಸಂತೆಯಲ್ಲಿ. ನೋಯ್ಡಾದಲ್ಲಿ ಮನೆ ಮಾಡಿ ದೆಹಲಿಯಲ್ಲಿ ಕೆಲಸ ಮಾಡುವ ನಮ್ಮ ಸದಸ್ಯೆ ಉತ್ತರ ಪ್ರದೇಶದ ಲೆಕ್ಕ, ಗುರುಗ್ರಾಮದವರು ಹರಿಯಾಣದ ಲೆಕ್ಕ. ವೈರಸ್ಸು ಬ್ಲೂ ಲೈನಿನಲ್ಲಿ ಓಡಾಡಿತು, ಲೆಕ್ಕ ಮಾತ್ರ ಮೂರು ರಾಜಧಾನಿಗಳಲ್ಲಿ ಹಂಚಿಹೋಯಿತು.

ಇದಕ್ಕಿಂತ ನೋವಿನದು ನಮ್ಮ ಕಾಸರಗೋಡಿನ ಕಥೆ. ಆ ಜಿಲ್ಲೆಯ ಜನ, ಕನ್ನಡಿಗರಿರಲಿ ಮಲಯಾಳಿಗಳಿರಲಿ, ದೊಡ್ಡ ಕಾಯಿಲೆ ಬಂದರೆ ಹೋಗುವುದು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡು ಕೆಂಪು ಜಿಲ್ಲೆಯಾಯಿತು, ತಲಪಾಡಿಯಲ್ಲಿ ಕರ್ನಾಟಕ ರಸ್ತೆ ಮುಚ್ಚಿತು. ಹೃದಯದ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರ ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು. ಮಂಗಳೂರು ತಲುಪಲಾಗದೆ ತೀರಿಕೊಂಡವರಿದ್ದಾರೆ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಸಾವುಗಳನ್ನು ಯಾವ ಕೊರೊನಾ ನಕ್ಷೆಯಲ್ಲಿ ಹುಡುಕುತ್ತೀರಿ? ಅವರಿಗೆ ಕೊರೊನಾ ಇರಲಿಲ್ಲ. ಜಿಲ್ಲೆಯ ಬಣ್ಣ ನೋಡಿ ಬಾಗಿಲು ಹಾಕಿದ್ದರ ಬೆಲೆ ಅದು. ನಕ್ಷೆ ಎಚ್ಚರಿಕೆಯನ್ನೂ ಕೊಡುತ್ತದೆ, ಭಯವನ್ನೂ ಹಂಚುತ್ತದೆ. ಅದನ್ನು ಹಿಡಿದವರ ವಿವೇಕದ ಮೇಲೆ ಎಲ್ಲ ನಿಂತಿದೆ.

ಈಗ ನಮ್ಮ ವೇದಿಕೆಗೆ ತೀರ ಹತ್ತಿರದ ವಿಷಯ: ಈ ಚುಕ್ಕಿಗಳನ್ನು ಇಟ್ಟವರು ಯಾರು? ಸಂಖ್ಯೆಗಳನ್ನು ಚಿತ್ರವಾಗಿಸಿ ಸರ್ಕಾರದ ಕಣ್ಣು ತೆರೆಸಿದ ಮೊದಲಿಗರಲ್ಲಿ ಒಬ್ಬರು ಹೆಣ್ಣುಮಗಳು, ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ದಾದಿ ಎಂದು ಶಾಲೆಯಲ್ಲಿ ಓದಿದ್ದೇವೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರು ಎಂಬುದನ್ನು 1858ರಲ್ಲಿ ಅವರು ಬಣ್ಣದ ಚಕ್ರದ ಚಿತ್ರದಲ್ಲಿ ತೋರಿಸಿದರು. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳಿಸಿ ನೀರು, ಚರಂಡಿ, ಸಾವುಗಳ ಲೆಕ್ಕ ತರಿಸಿಕೊಂಡರು.

ನಮ್ಮ ಕಾಲದ ಲೆಕ್ಕದ ಹಿಂದೆಯೂ ಹೆಣ್ಣುಮಕ್ಕಳೇ ಇದ್ದರು. ಟಿವಿಯಲ್ಲಿ ನಕ್ಷೆ ಹೊಳೆಯುವ ಮುಂಚೆ ಯಾರೋ ಒಬ್ಬರು ಬಾಗಿಲು ತಟ್ಟಿ “ಜ್ವರ ಇದೆಯಾ? ಎಲ್ಲಿಂದ ಬಂದಿರಿ?” ಎಂದು ಕೇಳಿ ಪುಸ್ತಕದಲ್ಲಿ ಬರೆದಿರಬೇಕು. ಹಳ್ಳಿಗಳಲ್ಲಿ ಆ ಕೆಲಸ ಮಾಡಿದವರು ಆಶಾ ಕಾರ್ಯಕರ್ತೆಯರು. ದೇಶದಲ್ಲಿ ಹತ್ತು ಲಕ್ಷ, ಕರ್ನಾಟಕದಲ್ಲಿ ಸುಮಾರು 42 ಸಾವಿರ. ಬಾಗಿಲು ತಟ್ಟಿದ್ದಕ್ಕೆ ಬೈಗುಳ ತಿಂದವರಿದ್ದಾರೆ, ಹೊಡೆತ ತಿಂದವರಿದ್ದಾರೆ. 2020ರ ಜುಲೈನಲ್ಲಿ ಕರ್ನಾಟಕದ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಬೇಕೆಂದು ಮುಷ್ಕರ ಹೂಡಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಸಂತೋಷವೇ. ಆದರೆ ಒಳ್ಳೆಯ ಅಂಕಿಅಂಶ ಬೇಕೆನ್ನುವ ದೇಶ ಅದನ್ನು ಬರೆಯುವ ಕೈಗೆ ಸರಿಯಾದ ಸಂಬಳ ಕೊಡಬೇಕು.

ಚುಕ್ಕಿ ಇಟ್ಟವರು ಹೆಂಗಸರು. ಬಿಟ್ಟುಹೋದ ಚುಕ್ಕಿಗಳಲ್ಲೂ ಹೆಂಗಸರೇ ಹೆಚ್ಚು. ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ನೂರಕ್ಕೆ ಸುಮಾರು 60 ಗಂಡಸರದು, 40 ಹೆಂಗಸರದು. ಹೆಂಗಸರು ಸಾಯುವುದೇ ಕಡಿಮೆ ಎಂಬುದು ಇದಕ್ಕೆ ಪೂರ್ತಿ ಕಾರಣವಲ್ಲ. ಗಂಡಸು ಹೋದರೆ ಪಹಣಿ ಬದಲಾಗಬೇಕು, ಪಿಂಚಣಿ, ವಿಮೆ, ಬ್ಯಾಂಕ್ ಖಾತೆ ಎಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕು. ನನ್ನ ಚಿಕ್ಕಮ್ಮ ಒಬ್ಬರು 2021ರ ಮೇ ತಿಂಗಳಲ್ಲಿ ಹಳ್ಳಿಯ ಮನೆಯಲ್ಲೇ ತೀರಿಕೊಂಡರು. ಎಂಟು ದಿನ ಜ್ವರ, ಕೆಮ್ಮು, ಕೊನೆಗೆ ಉಸಿರಾಟದ ತೊಂದರೆ. ಪರೀಕ್ಷೆ ಆಗಲಿಲ್ಲ. ಅವರ ಹೆಸರಿನಲ್ಲಿ ಗದ್ದೆ ಇರಲಿಲ್ಲ, ಖಾತೆ ಇರಲಿಲ್ಲ. ಆದ್ದರಿಂದ ಮರಣ ಪತ್ರ ಯಾರಿಗೂ ಬೇಕಾಗಲಿಲ್ಲ. ಐವತ್ತು ವರ್ಷ ಆ ಮನೆಯ ಒಲೆ ಹಚ್ಚಿದವರು ಕೊರೊನಾ ಲೆಕ್ಕದಲ್ಲೂ ಇಲ್ಲ, ಸಾವಿನ ಒಟ್ಟು ಲೆಕ್ಕದಲ್ಲೂ ಇಲ್ಲ.

ಇಂಥ ಚಿಕ್ಕಮ್ಮಂದಿರು ಎಷ್ಟು? 2019ರಲ್ಲಿ ದೇಶದಲ್ಲಿ ನೋಂದಣಿಯಾದ ಒಟ್ಟು ಸಾವುಗಳು 76 ಲಕ್ಷ. 2020ರಲ್ಲಿ 81 ಲಕ್ಷ. 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ ಇಪ್ಪತ್ತು ಲಕ್ಷದಷ್ಟು ಏರಿಕೆ. ಎರಡು ವರ್ಷದ ಅಧಿಕೃತ ಕೊರೊನಾ ಸಾವುಗಳು ಐದು ಲಕ್ಷವನ್ನೂ ಮುಟ್ಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 47 ಲಕ್ಷ ಎಂದು ಅಂದಾಜು ಮಾಡಿತು, ನಮ್ಮ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ. ಯಾರ ಲೆಕ್ಕ ಸರಿ ಎಂಬ ವಾದ ಇಲ್ಲಿ ಬೇಡ. ಪ್ರತಿ ಸಾವೂ ಸಕಾಲದಲ್ಲಿ, ಕಾರಣದೊಂದಿಗೆ ದಾಖಲಾಗಿದ್ದರೆ ಅಂದಾಜಿನ ಅಗತ್ಯವೇ ಇಷ್ಟು ಬರುತ್ತಿರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ಕೊರೊನಾದಿಂದ ತೀರಿದವರ ಕುಟುಂಬಕ್ಕೆ 50 ಸಾವಿರ ರೂಪಾಯಿ ಪರಿಹಾರ ಬಂತು. ಗುಜರಾತಿನಂಥ ರಾಜ್ಯದಲ್ಲಿ ಮಂಜೂರಾದ ಅರ್ಜಿಗಳು ಅಧಿಕೃತ ಸಾವಿನ ಸಂಖ್ಯೆಯ ಹಲವು ಪಟ್ಟಾದವು. ಕಾಗದ ಇದ್ದವರಿಗೆ ಪರಿಹಾರ ಸಿಕ್ಕಿತು. ಕಾಗದ ಇಲ್ಲದವರಿಗೆ ಅರ್ಜಿ ಹಾಕುವ ದಾರಿಯೇ ಇರಲಿಲ್ಲ. ಲೆಕ್ಕ ಎಂದರೆ ಬರೀ ಗೆರೆಯಲ್ಲ, ಕೆಲವು ಮನೆಗಳಲ್ಲಿ ಅದು ಮಗಳ ಶಾಲೆಯ ಫೀಸೂ ಹೌದು.

ಇದು ಹೊಸದೂ ಅಲ್ಲ. 1918ರ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಿಂದ ಹೊರಟು ರೈಲು ದಾರಿ ಹಿಡಿದು ದೇಶವೆಲ್ಲ ಹರಡಿತು. ಸತ್ತವರು ಒಂದು ಕೋಟಿಗೂ ಹೆಚ್ಚು ಎನ್ನುತ್ತಾರೆ. ಅದರ ಪೂರ್ತಿ ಅರಿವಾದದ್ದು 1921ರ ಜನಗಣತಿಯಲ್ಲಿ. ಈಗಿನ ಭಾರತದ ನೆಲದಲ್ಲಿ ಜನಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆಯಾದದ್ದು ಆ ಒಮ್ಮೆ ಮಾತ್ರ. ಆಗ ಇಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಪ್ರಮಾಣದಲ್ಲಿ ಸತ್ತರು. ಕಾಯಿಲೆಯವರ ಆರೈಕೆ ಮಾಡಿದವರು ಅವರು, ಮನೆಯಲ್ಲಿ ಕೊನೆಗೆ ಉಂಡವರೂ ಅವರು. ಯಾರೋ ಆಗ ಹೆಣ್ಣು, ಗಂಡು ಎಂದು ಬೇರೆ ಬೇರೆ ಬರೆದಿಟ್ಟದ್ದರಿಂದ ನೂರು ವರ್ಷದ ಮೇಲೆ ನಾನು ಇದನ್ನು ಇಲ್ಲಿ ನಿಂತು ಹೇಳುತ್ತಿದ್ದೇನೆ.

ಊಟಕ್ಕೆ ತಡವಾಗುತ್ತಿದೆ, ಮುಗಿಸುತ್ತೇನೆ. ಮುಂದೆ ಯಾವ ರೋಗದ ಭೂಪಟ ಫೋನಿನಲ್ಲಿ ಬಂದರೂ ಅದನ್ನು ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಬರೀ ಸಂಖ್ಯೆಯೋ, ಲಕ್ಷ ಜನರಿಗೆ ಎಷ್ಟು ಎಂಬ ಲೆಕ್ಕವೋ? ಎರಡು ಕೋಟಿಯ ದೆಹಲಿಯನ್ನೂ ಇಪ್ಪತ್ತು ಕೋಟಿಯ ಉತ್ತರ ಪ್ರದೇಶವನ್ನೂ ಹಾಗೆಯೇ ಹೋಲಿಸುವಂತಿಲ್ಲ. ಎರಡನೆಯದು, ಎಷ್ಟು ಪರೀಕ್ಷೆ ಮಾಡಿ ಈ ಸಂಖ್ಯೆ ಬಂತು? ಮೂರನೆಯದು, ಬಿಳಿಯಾಗಿ ಉಳಿದ ಜಾಗದಲ್ಲಿ ಎಣಿಸುವವರು ಇದ್ದರೇ?

ಕೇಳುವುದರ ಜೊತೆಗೆ ನಾವು ಮಾಡಬಹುದಾದ ಒಂದು ಕೆಲಸವೂ ಇದೆ. ಊರಲ್ಲಾಗಲಿ, ಇಲ್ಲಾಗಲಿ, ನಮ್ಮ ಕುಟುಂಬದಲ್ಲಿ ಅಥವಾ ನಮ್ಮ ಮನೆಗೆಲಸದವರ ಕುಟುಂಬದಲ್ಲಿ ಯಾರೇ ತೀರಿಕೊಂಡರೂ, ಆಸ್ತಿ ಇರಲಿ ಇಲ್ಲದಿರಲಿ, 21 ದಿನದೊಳಗೆ ಸಾವನ್ನು ನೋಂದಾಯಿಸಿ. ತೀರಿಕೊಂಡವರು ಹೆಂಗಸಾಗಿದ್ದರೆ ಮರೆಯದೆ ನೋಂದಾಯಿಸಿ. ಫಾರಂ ತುಂಬಲು ಬರದವರಿಗೆ ನಮ್ಮ ವೇದಿಕೆಯಿಂದ ಸಹಾಯ ಮಾಡೋಣ ಎಂದು ಅಧ್ಯಕ್ಷೆಯವರ ಮುಂದೆ ಒಂದು ಸಲಹೆ ಇಡುತ್ತೇನೆ. ವಾರಕ್ಕೆ ಒಂದು ಗಂಟೆ ಕೂರಲು ನಾನು ಸಿದ್ಧ. ಇನ್ನಿಬ್ಬರು ಕೈ ಎತ್ತಿದರೆ ಮುಂದಿನ ತಿಂಗಳೇ ಶುರು ಮಾಡಬಹುದು.